ಮಾವನ ಕೋಣೆಯ ಲೆಟಿಸ್

ಮಾವ ತೀರಿಕೊಂಡ ಕೋಣೆಯಲ್ಲಿ ನಾನು ಲೆಟಿಸ್ ಬೆಳೆದೆ ಅಂದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ. ನೋಡಲಿ. ನಮ್ಮ ಮನೆಯಲ್ಲಿ ಊರೆಲ್ಲ ಕತ್ತಲಾದಾಗಲೂ ಕರೆಂಟ್ ಇರುವ ಕೋಣೆ ಅದೊಂದೇ. ಮಾವನ ಶ್ವಾಸಕೋಶ ಕೆಟ್ಟು ಮನೆಗೇ ಆಕ್ಸಿಜನ್ ಮೆಷಿನ್ ತಂದಾಗ, ಅದು ಒಂದು ಗಳಿಗೆಯೂ ನಿಲ್ಲಬಾರದು ಅಂತ ನನ್ನ ಗಂಡ ಇನ್ವರ್ಟರಿನಿಂದ ಅಲ್ಲಿಗೆ ಬೇರೆಯೇ ಲೈನ್ ಎಳೆಸಿದ್ದರು.

ಮಾವ ಹೋದದ್ದು ಗದ್ದೆ ನಾಟಿಯ ಸಮಯದಲ್ಲಿ. ನಕ್ಷತ್ರ ಒಳ್ಳೆಯದಲ್ಲ, ಮನೆ ಬಿಡಬೇಕು ಅಂದರು ಪುರೋಹಿತರು. ದನಕರು, ತೋಟ ಎಲ್ಲ ಬಿಟ್ಟು ಎಲ್ಲಿಗೆ ಹೋಗೋಣ? ಆ ಕೋಣೆಯೊಂದನ್ನೇ ಮುಚ್ಚಿ, ಬಾಗಿಲಿಗೆ ಮುಳ್ಳಿನ ಕೊಂಬೆ ಕಟ್ಟಿ, ಅವರು ಹೇಳಿದಷ್ಟು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಶಾಂತಿ ಮಾಡಿಸಿ ಬಾಗಿಲು ತೆಗೆಯುವ ಹೊತ್ತಿಗೆ ಕಾಫಿ ಕುಯ್ಲು ಶುರುವಾಗಿತ್ತು.

ಹಾನುಬಾಳಿನ ಹತ್ತಿರ ಹೋಂಸ್ಟೇ ನಡೆಸುವ ನನ್ನ ತಂಗಿಗೆ ಚಳಿಗಾಲದ ಗಿರಾಕಿಗಳಿಗಾಗಿ ಹಸಿಯಾಗಿ ತಿನ್ನುವ ಈ ಲೆಟಿಸ್ ಸೊಪ್ಪು ಬೇಕಿತ್ತು. ಅಂಗಳದಲ್ಲಿ ಹಾಕಿದ್ದನ್ನು ಬಸವನಹುಳು ಮುಕ್ಕಿತು, ಉಳಿದದ್ದು ಇಬ್ಬನಿಗೆ ಕೊಳೆಯಿತು. ಸಿಟ್ಟು ಬಂದು, ಫೋನಿನಲ್ಲಿ ವಿಡಿಯೊ ನೋಡಿ ಕಲಿತು, ಮಾವನ ಬೀಟೆ ಮಂಚದ ಮೇಲೇ ಪ್ಲಾಸ್ಟಿಕ್ ತೊಟ್ಟಿ ಇಟ್ಟೆ. ಮಣ್ಣಿಲ್ಲ. ಗೊಬ್ಬರ ಕರಗಿಸಿದ ನೀರು, ಅದರ ಮೇಲೆ ತೂತು ಕೊರೆದ ಥರ್ಮೊಕೋಲ್ ಹಲಗೆ, ತೂತಿಗೊಂದು ಸಸಿ. ಬಿಸಿಲಿನ ಬದಲು ನೇರಳೆ ಬಣ್ಣದ ಲೈಟು. ಬೇರಿಗೆ ಗಾಳಿ ಬೇಕಲ್ಲ, ಅದಕ್ಕೆ ಮೀನಿನ ತೊಟ್ಟಿಗೆ ಹಾಕುವಂಥ ಪುಟ್ಟ ಪಂಪು. ಅದು ಹಗಲೂ ರಾತ್ರಿ ಓಡುತ್ತಲೇ ಇರಬೇಕು.

ಅತ್ತೆ ಆಗ ಊಟ ಬಿಟ್ಟಿದ್ದರು. ಹಟಕ್ಕಲ್ಲ. ತಟ್ಟೆ ಮುಂದಿಟ್ಟರೆ ಎರಡು ತುತ್ತು ಕಲಸಿ ಹಾಗೇ ಕೂತುಬಿಡುತ್ತಿದ್ದರು. ಮೈಗೆ ಹೊಲಿಸಿದ ರವಿಕೆ ಜೋಲುತ್ತಿತ್ತು. ಹೀಗೇ ಆದರೆ ಬೇಸಿಗೆ ಕಾಣುವುದು ಕಷ್ಟ ಅಂತ ಹಾಸನದ ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದ್ದರು. ನಾನು ಮದುವೆಯಾಗಿ ಬಂದಂದಿನಿಂದ ನನ್ನನ್ನು ಬೈಯದೆ ದಿನ ಕಳೆದವರಲ್ಲ ಆಕೆ. ಈಗ ಬೈಯುವುದನ್ನೂ ನಿಲ್ಲಿಸಿದ್ದರು. ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಅದು.

ಮೊದಲ ಸಲ ಪಂಪಿನ ಸ್ವಿಚ್ ಹಾಕಿದೆ. ಗುರ್ ಅಂತ ಸಣ್ಣ ಸದ್ದು, ಅದರ ಜೊತೆಗೆ ನೀರಿನಲ್ಲಿ ಗುಳುಗುಳು. ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಮುಖದ ತುಂಬ ನೇರಳೆ ಬೆಳಕು.

“ಎದ್ದವ್ರಾ?” ಅಂದರು.

ಆಗ ನನಗೂ ಕೇಳಿಸಿತು. ಆಕ್ಸಿಜನ್ ಮೆಷಿನ್ನಿನ ಬಾಟಲಿಯ ನೀರು ಹೀಗೇ ಗುಳುಗುಟ್ಟುತ್ತಿತ್ತು, ಇದೇ ಕೋಣೆಯಲ್ಲಿ, ಇದೇ ಮಂಚದ ಪಕ್ಕ. “ಸೊಪ್ಪಿನ ಪಂಪು ಅತ್ತೆ,” ಅಂದೆ. ಅವರು ಹೊರಟುಹೋದರು. ಆ ಮಧ್ಯಾಹ್ನ ತಟ್ಟೆ ಹಿಡಿದು ಬಂದು ಕೋಣೆಯ ಹೊಸಿಲಿನ ಹೊರಗೆ ಕೂತು ಉಂಡರು. ಪೂರ್ತಿ ಉಂಡರು. ಕೈ ತೊಳೆದು, “ಸಾರಿಗೆ ಉಪ್ಪು ಹಾಕಕ್ಕೆ ಕೈ ಬರಕಿಲ್ವಾ ನಿಂಗೆ?” ಅಂದರು. ನಾನು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡೆ.

ಅಂದಿನಿಂದ ದಿನಾ ಅಲ್ಲೇ ಊಟ. ಊಟದ ಜೊತೆಗೆ ಮಾತು. “ಆನೆ ಪಾಳ್ಯದ ಕಡೀಕ್ ಹೋಗೈತಂತೆ. ಮೆಣಸು ಈ ಸಲ ಕಮ್ಮಿನೇ,” ಅಂತ ಒಳಗಿನ ನೇರಳೆ ಬೆಳಕಿಗೆ ಹೇಳುವರು, ಸ್ವಲ್ಪ ಹೊತ್ತು ಸುಮ್ಮನಿರುವರು, ಆಮೇಲೆ “ಹ್ಞೂಂ, ಅದೂ ಸರಿನೇ” ಅನ್ನುವರು. ಗಂಡನಿಗೆ ಹೇಳಿದೆ. “ಉಣ್ತಾವ್ರಲ್ಲ, ಸುಮ್ನಿರು ಮಾರಾಯ್ತಿ,” ಅಂದರು.

ಮಂಜು ಕಣದವರೆಗೂ ಇಳಿದು ಕೂರುವ ಬೆಳಗುಗಳು. ಆ ಮಂಜಿನಲ್ಲಿ ಮನೆಯೇ ಕಾಣಿಸದು, ಆ ಕಿಟಕಿಯೊಂದು ಮಾತ್ರ ನೇರಳೆಯಾಗಿ ಕಾಣುವುದು. ಹಣ್ಣು ಕುಯ್ಯಲು ಬರುವ ಹೆಂಗಸರು ಆ ಮಗ್ಗುಲು ಬಿಟ್ಟು ಸುತ್ತು ಹಾಕಿ ಬರತೊಡಗಿದರು. “ದೊಡ್ಡಗೌಡ್ರು ಉಸಿರಾಡೋದು ಕೇಳ್ತೈತೆ ಕಣಮ್ಮ,” ಅಂದಳು ಒಬ್ಬಳು. “ಥೂ, ಪಂಪು ಕಣೇ ಅದು. ಬಾ ಒಳೀಕೆ, ತೋರುಸ್ತೀನಿ,” ಅಂದೆ. ಅವಳು ಬರಲಿಲ್ಲ. ಬೈದದ್ದೇನೋ ಬೈದೆ, ಆದರೆ ಅಲ್ಲಿ ಒಬ್ಬಳೇ ನಿಲ್ಲಲು ನನಗೂ ಆಗುತ್ತಿರಲಿಲ್ಲ. ಗುಳುಗುಳು ಒಂದೊಂದು ಸಲ ತಡೆಯುತ್ತಿತ್ತು, ನಿದ್ದೆಯಲ್ಲಿ ಮಾವನ ಉಸಿರು ತಡೆಯುತ್ತಿದ್ದ ಹಾಗೆ. ಕಿತ್ತ ಸೊಪ್ಪನ್ನು ಕೈಯಲ್ಲೇ ಹಿಡಿದು ಮುಂದಿನ ಸದ್ದಿಗೆ ಕಾಯುತ್ತಿದ್ದೆ. ಹಲಗೆ ಎತ್ತಿದರೆ ಕೆಳಗೆ ಬಿಳೀ ಬೇರುಗಳು ಮುದುಕರ ಕೂದಲಿನಂತೆ ನೀರಿನಲ್ಲಿ ಆಡುತ್ತಿದ್ದವು.

ಹೊತ್ತೇರಿದ ಮೇಲೆ ಅತ್ತೆ ಎರಡು ಲೋಟ ಕಾಫಿ ಹಿಡಿದು ಒಳಗೆ ಹೋಗುವುದು ಯಾವಾಗ ಶುರುವಾಯಿತೋ ಗೊತ್ತಿಲ್ಲ. ಎರಡೂ ಲೋಟ ಖಾಲಿಯಾಗಿ ಬರುತ್ತಿದ್ದವು. “ಎರಡೂ ನೀವೇ ಕುಡುದ್ರಾ?” ಅಂದೆ ಒಮ್ಮೆ.

“ನಂಗ್ಯಾಕೆ ಎರಡು? ಒಂದೇ ಸಾಕು,” ಅಂದರು.

ಮುಂದಕ್ಕೆ ಕೇಳುವ ಧೈರ್ಯ ಬರಲಿಲ್ಲ. ಅತ್ತೆಯ ಕೆನ್ನೆ ತುಂಬಿಕೊಂಡಿತ್ತು, ರವಿಕೆ ಮೈಗೆ ಕೂರುತ್ತಿತ್ತು. ಇನ್ನೇನು ಬೇಕು ನನಗೆ ಅಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಲೆಟಿಸ್ ಎಲೆಗಳು ಜೋತುಬಿದ್ದವು. ಬೇರು ಕಂದುಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿತು, ನೀರು ಹುಳಿ ನಾತ ಹೊಡೆಯಿತು. ಗೊಬ್ಬರ ಹೆಚ್ಚಾಯಿತೇ, ಚಳಿ ಹೆಚ್ಚಾಯಿತೇ ಅಂತ ತಂಗಿಗೆ ಫೋನ್ ಮಾಡಿ ಮಾಡಿ ಅವಳ ತಲೆ ತಿಂದೆ. ಒಂದು ದಿನ ಅಡುಗೆ ಮುಗಿಸಿ ಕೋಣೆಗೆ ಬಂದರೆ, ಅತ್ತೆ ಹಲಗೆಯ ಮೂಲೆ ಎತ್ತಿ ಹಿಡಿದು, ಎರಡನೆಯ ಲೋಟವನ್ನು ಊದಿ ಊದಿ ತಣ್ಣಗೆ ಮಾಡಿ, ತೊಟ್ಟಿಗೆ ಮೆಲ್ಲಗೆ ಹುಯ್ಯುತ್ತಿದ್ದಾರೆ.

“ಅಯ್ಯೋ ಅತ್ತೆ! ಏನ್ ಮಾಡ್ತಿದ್ದೀರ!” ಕಿರುಚಿಯೇ ಬಿಟ್ಟೆ.

“ಕೂಗ್ಬೇಡ. ಪಂಪು ಅಂತ ನಂಗೂ ಗೊತ್ತೈತೆ. ನಂಗೇನ್ ತಲೆ ಕೆಟ್ಟೈತಾ?”

“ಮತ್ತೆ ಕಾಫಿ ಯಾಕೆ ಹುಯ್ತೀರ?”

“ಸದ್ದು ಐತಲ್ಲ. ಸದ್ದು ಬರೋವಾಗ ಕಾಫಿ ಕೊಡ್ದೆ ಹೆಂಗವ್ವ ಇರೋದು?”

ತೊಟ್ಟಿ ತೊಳೆಯಬೇಕು, ತೊಳೆಯಲು ಪಂಪು ನಿಲ್ಲಿಸಬೇಕು. ನಿಲ್ಲಿಸಿದರೆ ಈ ಜೀವ ನಾಳೆಯಿಂದ ಮತ್ತೆ ಊಟ ಬಿಡುತ್ತದೆ. ಸೊಪ್ಪು ಹಾಳಾಗಿ ಹೋಗಲಿ ಅನ್ನಿಸಿತು. “ಇರ್ಲಿ ಬಿಡಿ ಅತ್ತೆ. ಗಿಡ ಇಲ್ದಿದ್ರೂ ಪಂಪು ಓಡ್ತಾ ಇರ್ಲಿ. ನಾನು ಆರ್ಸಲ್ಲ,” ಅಂದೆ. ಮನಸ್ಸಿನಿಂದಲೇ ಅಂದೆ.

ಅತ್ತೆ ಲೋಟ ಕೆಳಗಿಟ್ಟರು. “ಅವತ್ತು ನಾನು ನಾಟಿ ಗದ್ದೇಲಿದ್ದೆ. ಮನೆಯಿಂದ ನಾನ್ ಹೊರಡೋವಾಗ ಸದ್ದಿತ್ತು. ಕೂಗ್ ಕರುದ್ರು ಅಂತ ಕೆಸರು ಕಾಲಲ್ಲೇ ಓಡ್ಬಂದ್ರೆ ಮಿಷನ್ ಆರ್ಸಿ ಮೂಲೆಗಿಟ್ಬುಟ್ಟಿದ್ರು. ನಿಂತಿದ್ದು ನಾನು ಕೇಳ್ಲೇ ಇಲ್ಲ ಕಣವ್ವ. ನನ್ ಕಿವೀಲಿ ಅದು ನಿಂತೇ ಇಲ್ಲ.”

ಹಲಗೆಯ ಮೂಲೆಯನ್ನು ಸರಿಯಾಗಿ ಕೂರಿಸಿ, “ಎಲ್ಲೈತೆ ಇದ್ರ ಸ್ವಿಚ್ಚು?” ಅಂದರು.

ತೋರಿಸಿದೆ. ತಲೆ ಮೇಲೆ ಸೆರಗು ಹೊದ್ದು, ಮಂಚದ ಅಂಚಿನಲ್ಲಿ ಕೂತು, ಒಂದು ಕೈಯನ್ನು ಹಲಗೆಯ ಮೇಲಿಟ್ಟು ಇನ್ನೊಂದರಿಂದ ಸ್ವಿಚ್ ಆರಿಸಿದರು. ಗುರ್ ಅನ್ನುವುದು ನಿಂತಿತು. ಗುಳುಗುಳು ನಿಲ್ಲಲಿಲ್ಲ. ಪಂಪು ಆರಿದ ಮೇಲೂ ನೀರೊಳಗೆ ಒಂದು ಗುಳ್ಳೆ ಎದ್ದಿತು, ತಡೆಯಿತು, ಇನ್ನೊಂದು ಎದ್ದಿತು. ಕೊಳವೆಯಲ್ಲಿ ಉಳಿದ ಗಾಳಿ ಅನ್ನುತ್ತಾಳೆ ತಂಗಿ. ಇರಬಹುದು. ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಾ ಕೂತಿದ್ದರು. ಬಹಳ ಹೊತ್ತಿನ ಮೇಲೆ ಇನ್ನೊಂದು ಎದ್ದಿತು. ಆಮೇಲೆ ಏನೂ ಬರಲಿಲ್ಲ.

“ಹೋಗಿ,” ಅಂದರು ಅತ್ತೆ, ಮಂಚದ ಕಡೆಗೆ. ‘ಬನ್ನಿ’ ಅನ್ನಲಿಲ್ಲ.

ಎದ್ದು ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. “ನಿಂತ್ಕಂಡು ಏನ್ ನೋಡ್ತೀಯ? ಅಡುಗೆಮನೇಲೇ ತಟ್ಟೆ ಹಾಕು ನಂಗೆ.”