ಚಾರ್ಜರಿಗೆ ಇಟ್ಟ ವಿಭೂತಿ

ಬೆಳಿಗ್ಗೆ ಎದ್ದು ಅಂಗಳ ಸಾರಿಸಿದೆ. ಹಸು ಕರೆದು ಡೇರಿಗೆ ಹಾಲು ಹಾಕಿ ಬಂದೆ. ಅಲಸಂದೆಕಾಳು ನೆನೆಹಾಕಿದೆ. ಮಗಳಿಗೆ ನೀರು ಕಾಯಿಸಿ, ತಲೆ ಬಾಚಿ ಜಡೆ ಹಾಕಿದೆ. ಎರಡು ಸೀರೆ ಒಗೆದು ಹರವಿದೆ. ಇಷ್ಟಾದ ಮೇಲೆ ಯಜಮಾನರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಮಗಳು ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ದಿನ ತುಂಬಿತ್ತು. ಯಜಮಾನರು ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾರೆ. ಒಂದು ದಿನ ಬೆಟ್ಟದಪುರ, ಮರುದಿನ ಮಿರ್ಲೆ. ಗಾಡಿಯ ಸದ್ದಿನಲ್ಲಿ ಜೇಬಿನ ಫೋನ್ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. "ಮಗ್ಳಿಗೆ ನೋವು ಬಂದಾಗ್ಲೂ ಇಂಗೇ ಆದ್ರೆ?" ಎಂದು ನಾನು ದಿನಾ ಗೊಣಗಿದ್ದಕ್ಕೆ, ಹಿಂದಿನ ದಿನವಷ್ಟೇ ಹುಣಸೂರಿನ ವೈರಿಂಗ್ ಮೇಸ್ತ್ರಿ ಸ್ಟೇರಿಂಗ್ ಪಕ್ಕ ಫೋನ್ ಸ್ಟ್ಯಾಂಡ್ ಕೂರಿಸಿಕೊಟ್ಟಿದ್ದರು. ಬ್ಯಾಟರಿಯಿಂದ ವೈರ್ ಎಳೆದು, ನಡುವೆ ಫ್ಯೂಸ್ ಹಾಕಿ, ಕಾಲಿಗೆ ಸಿಕ್ಕದ ಹಾಗೆ ಒಳಗಿಂದಲೇ ತಂದು ಚಾರ್ಜರಿಗೆ ಕೊಟ್ಟಿದ್ದರು. ಗಾಡಿಯ ಸ್ಪೀಕರಿಗೂ ಫೋನ್ ಜೋಡಿಸಿದ್ದರು.

ಹೊಸದೇನು ಬಂದರೂ ವಿಭೂತಿ ಇಡದೆ ಬಳಸುವ ಮನೆಯಲ್ಲ ನಮ್ಮದು. ಸಂಜೆ ದೀಪ ಹಚ್ಚಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಸ್ಟ್ಯಾಂಡಿಗೆ ಮೂರು ಬೆರಳು ಎಳೆದೆ. ಚಾರ್ಜರಿಗೂ ಧಾರಾಳವಾಗಿ ಎಳೆದೆ.

ಫೋನ್ ಆಫ್ ಇದೆ ಎಂದಾಗ ಈ ವಿಭೂತಿಯ ವಿಷಯ ನನಗೆ ಹೊಳೆಯಲೇ ಇಲ್ಲ. ಮಗಳು ಸೊಂಟ ಹಿಡಿದುಕೊಂಡು ಬಂದಳು. "ಬೆಳಗಿಂದ ಬುಟ್ಟು ಬುಟ್ಟು ನೋಯ್ತಾ ಅದೆ. ನೀನು ಎದರ್ಕತೀಯ ಅಂತ ಏಳ್ನಿಲ್ಲ ಕಣವ್ವ."

ಆಂಬುಲೆನ್ಸಿಗೆ ಫೋನ್ ಮಾಡಲು ನಂಬರ್ ಒತ್ತುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಯಜಮಾನರ ಗಾಡಿಯ ಸದ್ದು.

"ಫೋನು ಸತ್ತೋಯ್ತು ಕಣಮ್ಮಿ. ಗಾಡೀಲೇ ಚಾರ್ಜರ್ ಅದಲ್ಲ ಅಂತ ಮನೇಲಿ ಹಾಕ್ನಿಲ್ಲ, ನೋಡುದ್ರೆ ಅದೂ ಕೆಲ್ಸ ಮಾಡ್ನಿಲ್ಲ. ಕಂಪಲಾಪುರ ದಾಟ್ತಿದ್ದಂಗೆ ಮನಸು ತಡೀನಿಲ್ಲ, ತಿರುಗಿಸ್ಕಂಡು ಬಂದ್ಬುಟ್ಟೆ."

ಮಗಳು ಮುಂದೆ ಕೂತಳು. ನಾನು ಹಿಂದೆ ಖಾಲಿ ಚೀಲಗಳ ಮೇಲೆ ಕೂತು, ದಾರಿಯುದ್ದಕ್ಕೂ ಕೈ ಮುಗಿದುಕೊಂಡೇ ಇದ್ದೆ.

ಹುಣಸೂರಿನಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮೇಸ್ತ್ರಿ ಬಂದು ನೋಡಿದರು. ಫ್ಯೂಸ್ ತೆಗೆದು, ಗುಂಡುಪಿನ್ನಿನಿಂದ ಚಾರ್ಜರಿನ ತೂತು ಕೆರೆದರೆ ಬಿಳಿ ಪುಡಿ ಉದುರಿತು.

"ಇದ್ಯಾರಕ್ಕ, ಇದ್ರ ಬಾಯ್ಗೆ ವಿಭೂತಿ ತುಂಬಿರೋರು? ಅಣೆ ಯಾವ್ದು, ಬಾಯಿ ಯಾವ್ದು ಅಂತ ಗೊತ್ತಾಗ್ನಿಲ್ವ?"

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಯಜಮಾನರು ಬಯ್ಯಬಹುದಿತ್ತು. "ಬುಡಿ ಮೇಸ್ತ್ರಿ. ಇವ್ಳು ಕರುದ್ಲು, ನಾನು ಬಂದೆ. ಮಧ್ಯದಲ್ಲಿ ಫೋನ್ ಒಂದು ಇರ್ನಿಲ್ಲ, ಅಷ್ಟೇಯ," ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಆಡಿದ ಮಾತುಗಳಲ್ಲಿ ಇದೊಂದನ್ನು ನಾನು ಎತ್ತಿಟ್ಟುಕೊಂಡಿದ್ದೇನೆ.

ಮೇಸ್ತ್ರಿ ಹೊಸ ಚಾರ್ಜರ್ ಹಾಕಿ ಅದಕ್ಕೊಂದು ರಬ್ಬರ್ ಮುಚ್ಚಳ ಕೊಟ್ಟರು. "ಇನ್ಮೇಲೆ ಪೂಜೆ ಏನಿದ್ರೂ ಇದ್ರ ಮೇಲೆ ಕಣಕ್ಕ." ಈಗಲೂ ಹಾಗೇ ಮಾಡುತ್ತೇನೆ. ವಿಭೂತಿ ಎಳೆಯುವಾಗ ಮೇಸ್ತ್ರಿಯ ಕೈ ತಣ್ಣಗಿರಲಿ ಎಂದುಕೊಳ್ಳುತ್ತೇನೆ.

ಸಂಜೆ ಹೆಣ್ಣುಮಗು ಹುಟ್ಟಿತು. ಆ ಸ್ಟ್ಯಾಂಡಿನ ಫೋನಿನಿಂದ ಹೋದ ಮೊದಲ ಸುದ್ದಿ ಅಳಿಯಂದಿರಿಗೆ. ಅವರು ಬಿಕ್ಕಿದ್ದು ಸ್ಪೀಕರಿನಲ್ಲಿ ಬೀದಿಗೆಲ್ಲ ಕೇಳಿತು.

ನಾನು ನೆನೆಹಾಕಿದ್ದ ಅಲಸಂದೆಕಾಳನ್ನೇ ಪಕ್ಕದ ಮನೆಯಾಕೆ ಸಾರು ಮಾಡಿ, ಮುದ್ದೆಯ ಜೊತೆ ಬಸ್ಸಿನಲ್ಲಿ ಕಳಿಸಿದ್ದರು. ನಾನೂ ಯಜಮಾನರೂ ಆಸ್ಪತ್ರೆಯ ವರಾಂಡದಲ್ಲಿ ಕೂತು ಉಂಡೆವು. ಮಗಳು ಮೆಣಸಿನ ಸಾರನ್ನ ಉಂಡಳು. ಮೊದಲು ನಿದ್ದೆ ಹೋದದ್ದು ಮಗುವಿನ ತಾತ, ಬೆಂಚಿನ ಮೇಲೆ ಕೂತಲ್ಲೇ, ಪೂರ್ತಿ ಚಾರ್ಜಾದ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡು.