ಹೊಗೆಯಲ್ಲಿ ಬರುತ್ತಿದ್ದ ಅತ್ತೆ

ಮೊನ್ನೆ ಬೇಲಿ ಸವರುವಾಗ ಮೊಮ್ಮಗಳು ಉಮ್ಮತ್ತದ ಗಿಡವೊಂದನ್ನು ಕಿತ್ತು ತಂದು, "ಅಜ್ಜಿ, ಹೂ ಚೆಂದ ಉಂಟಲ್ಲ, ಕುಂಡದಲ್ಲಿ ಇಡುವನಾ?" ಅಂದಳು. ಹಿಂಡಿದ ಎಲೆಯ ಕಮಟು ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಹೊಸ ಸೊಸೆಯಾಗಿ ಕರಿಕೆ ಊರಿಗೆ ಹೋದ ಆ ಬ್ರಿಟಿಷರ ಕಾಲಕ್ಕೇ ಹೋಗಿಬಿಟ್ಟೆ.

ನಾನು ಹೋಗುವಾಗ ಅತ್ತೆ ಚಿನ್ನಮ್ಮ ಇರಲಿಲ್ಲ, ತೀರಿಕೊಂಡು ವರ್ಷವಾಗಿತ್ತು. ಮಾವನಿಗೆ ದಮ್ಮು. ದಮ್ಮಿಗೆ ಉಮ್ಮತ್ತದ ಎಲೆಯ ಹೊಗೆ ಸೇದಿ ಎಂದು ಡಾಕ್ಟರರೇ ಹೇಳುತ್ತಿದ್ದ ಕಾಲ ಅದು. ವಿಷದ ಗಿಡ, ಆದರೂ ಎದೆ ಸಡಿಲವಾಗುತ್ತಿದ್ದದ್ದು ಸುಳ್ಳಲ್ಲ. ಮಾವ ಮಾತ್ರ ದಮ್ಮಿಲ್ಲದ ದಿನವೂ ಸೇದುತ್ತಿದ್ದರು. ಯಾಕೆಂದು ನನಗೆ ತಿಳಿದದ್ದು ಊಟಕ್ಕೆ ಬಡಿಸುವಾಗ.

"ಅವಳಿಗೂ ಒಂದು ಬಾಳೆಲೆ ಹಾಕು ಮಗಾ, ಎಷ್ಟು ಹೊತ್ತಿನಿಂದ ಕೂತಿದ್ದಾಳೆ," ಎಂದು ಪಕ್ಕದ ಖಾಲಿ ಮಣೆ ತೋರಿಸಿದರು. ಮುಖ ಕೆಂಪು, ಕಣ್ಣಪಾಪೆ ಇಷ್ಟಗಲ. ನಾನೋ, ಮದುವೆಯಾಗಿ ತಿಂಗಳಾಗದವಳು, ಬಡಿಸಿಯೇ ಬಿಟ್ಟೆ! ಅನ್ನ, ಎಳೆ ಬಿದಿರಿನ ಕಣಿಲೆ ಪಲ್ಯ, ಮೇಲಿಷ್ಟು ತುಪ್ಪ. ಕಾಣದ ಅತ್ತೆಗೆ ಹೆದರುವುದರಲ್ಲೂ ನಾನು ಹಿಂದೆ ಬಿದ್ದವಳಲ್ಲ.

ನನ್ನ ಗಂಡ ಉಮ್ಮತ್ತದ ಎಲೆ ಬಚ್ಚಿಟ್ಟರು. ಮಾವ ಬೇಲಿ ಬೇಲಿ ಹುಡುಕಿ ತಂದರು. ಒಂದು ದಿನ ಚಿನ್ನಮ್ಮನ ಬೆನ್ನು ಹಿಡಿದು ತುಂಬಿದ ಹೊಳೆಗೇ ಇಳಿದುಬಿಟ್ಟರು. ಎಳೆದು ತಂದದ್ದಾಯಿತು. ಸುದ್ದಿ ಕೇಳಿ ಮಾವನ ಅಕ್ಕ ಪೂವಮ್ಮತ್ತೆ ಓಡಿ ಬಂದರು. ಬಂದವರೇ ಆ ಖಾಲಿ ಮಣೆಯ ಎದುರು ಕೂತರು.

"ಬಂದಿದ್ದಾಳಾ ಚಿನ್ನಮ್ಮ?"

"ಇದ್ದಾಳಲ್ಲ," ಎಂದರು ಮಾವ.

"ಎಂತ ಹೇಳ್ತಾಳೆ?"

"ಎಂತದೂ ಇಲ್ಲ. ಸುಮ್ಮನೆ ಕೂತಿದ್ದಾಳೆ."

"ಅಯ್ಯೋ ಮಾರಾಯ! ನಾನು ಎದುರಿಗೆ ಕೂತರೂ ಸುಮ್ಮನಿದ್ದಾಳಾ? ಹಾಗಾದ್ರೆ ಅದು ಅವಳಲ್ಲವೇ ಅಲ್ಲ. ಎಲ್ಲ ಆ ಎಲೆಯ ಆಟ."

ಮಾವ ಕೈ ಚಾಚಿ ಮಣೆಯನ್ನು ಮುಟ್ಟಿ ನೋಡಿದರು. ಮರುದಿನ ತಾವಾಗಿ ಎಲೆಯ ಕಟ್ಟನ್ನು ಅಕ್ಕನ ಮಡಿಲಿಗೆ ಹಾಕಿದರು.

ಗೆದ್ದೆವು ಅಂದುಕೊಂಡೆವು. ಎಲ್ಲಿ! ಎಲೆ ಬಿಟ್ಟವರಿಗೆ ಹೆಂಡತಿ ಎರಡನೇ ಸಲ ಸತ್ತಂತಾಯಿತು. ಗೋಡೆಗೆ ಮುಖ ಮಾಡಿ ಮಲಗಿದರು. ಗಂಜಿ ಬೇಡ, ಸ್ನಾನ ಬೇಡ, ಮಾತಂತೂ ಬೇಡವೇ ಬೇಡ. ನನ್ನ ಗಂಡ ಗೋಡೆಯ ಮೇಲಿನ ಕೋವಿ ಇಳಿಸಿ ನೆರೆಮನೆಯಲ್ಲಿಟ್ಟು ಬಂದರು. ಮಾವನ ಕೈಗೆ ಸಿಗುವುದು ಬೇಡ ಎಂದು.

ಪೂವಮ್ಮತ್ತೆ ತಮ್ಮ ಮನೆಗೆ ಹೋಗಲಿಲ್ಲ. ದಿನಾ ಮಧ್ಯಾಹ್ನ ತಮ್ಮನ ಮಂಚದ ಹತ್ತಿರ ಏಲಕ್ಕಿ ಆರಿಸುತ್ತಾ ಕೂರುವರು. "ಏಳು" ಎಂದು ಒಮ್ಮೆಯೂ ಹೇಳಿದವರಲ್ಲ. ನನ್ನನ್ನು ಕೂರಿಸಿಕೊಂಡು ಚಿನ್ನಮ್ಮನ ಕಥೆ ಹೇಳುವರು. ಜಗಳವೂ ಸೇರಿ, ದನಿ ಸಮೇತ. ಒಂದು ದಿನ ಹೀಗೆ ಸೊಂಟಕ್ಕೆ ಕೈಯಿಟ್ಟು ಚಿನ್ನಮ್ಮನಾಗಿ ಗದರಿದರು: "ಕೆಸರು ಕಾಲಲ್ಲಿ ಒಳಗೆ ಬಂದ್ರೆ, ನೆಲ ಸಾರಿಸ್ಲಿಕ್ಕೆ ನಿಮ್ಮಪ್ಪ ಬರ್ತಾರಾ?"

ಗೋಡೆಯ ಕಡೆಯಿಂದ ತುಕ್ಕು ಹಿಡಿದ ದನಿ ಬಂತು. "ಅಪ್ಪ ಅಲ್ಲ. 'ನಿಮ್ಮಕ್ಕ ಬರ್ತಾರಾ' ಅಂತಿದ್ದದ್ದು."

"ಗೊತ್ತುಂಟು ಮಾರಾಯ, ಜಗಲಿಯಲ್ಲಿ ಕೂತು ಎಷ್ಟು ಸಲ ಕೇಳಿಲ್ಲ ನಾನು!" ಎಂದು ಪೂವಮ್ಮತ್ತೆ ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡರು. ಮಾವ ನಮ್ಮ ಕಡೆ ಮಗ್ಗುಲು ತಿರುಗಿದರು. ಆ ಸಂಜೆ ಗಂಜಿ ಕುಡಿದರು.

ಪೂರ್ತಿ ಸರಿಹೋಯಿತು ಅಂತಲ್ಲ. ಮಂಕು ಕವಿಯುವ ದಿನಗಳು ಆಮೇಲೂ ಬರುತ್ತಿದ್ದವು. ಪೂವಮ್ಮತ್ತೆಗೆ ಹೇಳಿ ಕಳಿಸುತ್ತಿದ್ದೆವು. ಆದರೆ ಮಾವ ನನ್ನ ಮಕ್ಕಳನ್ನು ಎತ್ತಿ ಆಡಿಸುವಷ್ಟು ಕಾಲ ನಮ್ಮೊಂದಿಗಿದ್ದರು. ಆ ಅಕ್ಕನ ಋಣ ನಮ್ಮ ಮನೆಯ ಮೇಲೆ ದೊಡ್ಡದು.

ಇಷ್ಟನ್ನೂ ಕೇಳಿಸಿಕೊಂಡ ಮೊಮ್ಮಗಳು, "ನಿಮಗೆ ನಿಮ್ಮ ಅತ್ತೆಯ ಕೈಲಿ ಬೈಸಿಕೊಳ್ಳುವುದು ತಪ್ಪಿತಲ್ಲ ಅಜ್ಜಿ!" ಎಂದು ನಕ್ಕಳು.

ಹೌದು ಮಗಾ, ತಪ್ಪಿತು, ಎಂದೆ. ಮುಖವೇ ನೋಡದ ಆ ಹೆಂಗಸಿಗಾಗಿ, ಈ ವಯಸ್ಸಿನಲ್ಲಿ, ಮೊದಲ ಸಲ ಅತ್ತುಬಿಟ್ಟೆ.