ಮುಳ್ಳು ಮೂರು ಸಲ ವಾಲಿತು

ದೆವ್ವ, ಪಿಶಾಚಿ ಅಂತ ಕಥೆ ಕಟ್ಟುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮೂವತ್ತು ವರ್ಷ ರೈಲ್ವೆಯಲ್ಲಿ ತಂತಿ ಕೆಲಸ ಮಾಡಿದವನು ನಾನು. ಬಂದದ್ದನ್ನು ಬಂದ ಹಾಗೆ ಬರೆದುಕೊಳ್ಳುವುದೇ ನಮ್ಮ ಕಸುಬು. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಇದು ನಡೆದದ್ದು... ನನಗೇ ನಡೆದದ್ದು. ನಡೆಯಬಾರದಿತ್ತು.

ಮಹಾರಾಜರ ಕಾಲ. ಮೊದಲ ಜರ್ಮನಿ ಯುದ್ಧ ಮುಗಿದು ಎರಡು ಮೂರು ಬೇಸಿಗೆ ಕಳೆದಿದ್ದವು. ನಾನು ಚನ್ನಪಟ್ಟಣ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿಯ ತಂತಿ ಬಾಬು. ನನ್ನ ತಮ್ಮ ಪುಟ್ಟ ಏಳು ಮೈಲಿ ಆಚೆ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಅದೇ ಕೆಲಸದಲ್ಲಿದ್ದ.

ನಮ್ಮೂರು ಹೊಂಗನೂರು. ಚಿಕ್ಕಂದಿನಲ್ಲಿ ಮನೆಯಲ್ಲಿ ಒಂದೇ ಮುದ್ದೆ ಉಳಿದ ರಾತ್ರಿಗಳಿದ್ದವು. ಆಗೆಲ್ಲ ಪುಟ್ಟ ತನ್ನ ಊಟ ಆಗಲೇ ಆಯಿತು ಅಂತ ಹೇಳಿ, ಒಂದು ಚೊಂಬು ನೀರು ಕುಡಿದು ಮಲಗಿಬಿಡುತ್ತಿದ್ದ. ಮುದ್ದೆ ನನಗೆ. ಅವ್ವನಿಗೆ ಇದು ಗೊತ್ತಿತ್ತು. ಸಾಯುವಾಗ ನನ್ನನ್ನು ಹತ್ತಿರ ಕರೆದು ಹೇಳಿದ್ದು ಇಷ್ಟೇ: "ದಿನಾ ಅವನನ್ನ ಉಂಡ್ಯಾ ಅಂತ ಕೇಳು ಮಗ. ಅವನು ಉಣ್ಣದೇನೇ ಉಂಡೆ ಅಂತಾನೆ."

ತಂತಿಯಲ್ಲಿ ಸ್ವಂತ ಮಾತು ಆಡುವಂತಿಲ್ಲ. ಸಿಕ್ಕಿಬಿದ್ದರೆ ಕೆಲಸಕ್ಕೇ ಸಂಚಕಾರ. ಅದಕ್ಕೆ ಅಣ್ಣತಮ್ಮ ಸೇರಿ ಒಂದು ಉಪಾಯ ಮಾಡಿಕೊಂಡಿದ್ದೆವು. ತಂತಿ ಯಂತ್ರದ ಮುಖದ ಮೇಲೆ ಗಡಿಯಾರದ ಹಾಗೆ ಒಂದು ಮುಳ್ಳು. ಆಚೆ ಸ್ಟೇಷನ್ನಿನವನು ಕೀಲಿ ಒತ್ತಿದರೆ ಅದು ಎಡಕ್ಕೋ ಬಲಕ್ಕೋ ಟಕ್ಕೆಂದು ಹೊಡೆಯುತ್ತದೆ. ಆ ಹೊಡೆತಗಳನ್ನು ಕೂಡಿಸಿದರೆ ಅಕ್ಷರ. ನಮ್ಮ ಗುರುತು ಯಾವ ಅಕ್ಷರವೂ ಅಲ್ಲ. ಬಲಕ್ಕೆ ಮೂರು ಸಲ, ತೀರಾ ನಿಧಾನ, ಉಸಿರು ಎಳೆದು ಬಿಟ್ಟಷ್ಟು ಹೊತ್ತು. ಬೇರೆಯವರು ಕಂಡರೆ ತಂತಿಯ ದೋಷ ಅಂದುಕೊಳ್ಳಬೇಕು. ನಮಗೆ ಮಾತ್ರ ಅದು, ಊಟ ಆಯ್ತು.

ಆ ಬೇಸಿಗೆ ಪುಟ್ಟನಿಗೆ ಜ್ವರ ಹಿಡಿಯಿತು. ನಾಲ್ಕು ದಿನ ನೀರು ಬಿಟ್ಟು ಏನೂ ಒಳಗೆ ಇಳಿಯಲಿಲ್ಲ. ನಾಲ್ಕನೇ ದಿನ ಹಗಲು ಹೋಗಿ ನೋಡಿಕೊಂಡು ಬಂದೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಒಂದು ಬಟ್ಟಲು ಗಂಜಿ ಹೊಟ್ಟೆಯಲ್ಲಿ ನಿಂತರೆ ಬದುಕುತ್ತಾನೆ, ಇಲ್ಲದಿದ್ದರೆ ಏನೂ ಹೇಳಲಾರೆ ಅಂದರು. ಹೊರಡುವಾಗ ಪುಟ್ಟ ನನ್ನ ಕೈ ಹಿಡಿದುಕೊಂಡ. ಕೈ ಕಾದ ಹೆಂಚಿನ ಹಾಗಿತ್ತು.

"ಗಂಜಿ ಕುಡಿದ್ರೆ ನಾನೇ ಎದ್ದೋಗಿ ಮುಳ್ಳು ಆಡುಸ್ತೀನಿ ಕಣಣ್ಣ. ನೋಡ್ತಾ ಇರು."

ನಮ್ಮ ಸ್ಟೇಷನ್ ಮಾಸ್ಟರು ಮನುಷ್ಯತ್ವ ಇದ್ದವರು. ನಡುರಾತ್ರಿಯ ಗೂಡ್ಸ್ ಗಾಡಿಯಲ್ಲಿ ತಮ್ಮನ ಹತ್ತಿರ ಹೋಗಿಬಿಡು, ನಿನ್ನ ಜಾಗದಲ್ಲಿ ನಾನು ಕೂರುತ್ತೇನೆ ಅಂದರು. ಬರುತ್ತೇನೆ ಅಂತ ಸಂಜೆ ಗಾಡಿಯವರ ಕೈಲಿ ಪುಟ್ಟನಿಗೆ ಹೇಳಿಕಳಿಸಿ, ರೊಟ್ಟಿ ಕಟ್ಟಿದ ಚೀಲ ಕಾಲ ಬುಡದಲ್ಲಿಟ್ಟುಕೊಂಡು ಗಾಡಿಗೆ ಕಾಯುತ್ತಿದ್ದೆ.

ಹತ್ತು ಗಂಟೆಯಾದ ಮೇಲೆ ಶುರುವಾಯಿತು...

ಮೊದಲು ಯಂತ್ರದ ಗಂಟೆ ತನ್ನಷ್ಟಕ್ಕೆ ತಾನೇ ಕಿಣಿಕಿಣಿ ಅಂದಿತು. ಕ್ಲೋಸ್‌ಪೇಟೆಯನ್ನು ಕರೆದೆ. ಉತ್ತರವಿಲ್ಲ. ಮದ್ದೂರನ್ನು ಕರೆದೆ. ಅಲ್ಲೂ ಇಲ್ಲ. ಕೀಲಿಯ ಕೆಳಗೆ ಒಂದು ನೀಲಿ ಕಿಡಿ ಚಿಟಿಚಿಟಿ ಅಂದು ನನ್ನ ಬೆರಳು ಸುಟ್ಟಿತು. ಕೋಣೆಯ ತುಂಬ ಕಾದ ಅರಗಿನ ವಾಸನೆ... ಚನ್ನಪಟ್ಟಣದ ಬೊಂಬೆ ಮಾಡುವವರ ಬೀದಿಯಲ್ಲಿ ಬರುತ್ತದಲ್ಲ, ಅದೇ.

ಹಳಿ ಬದಲಿಸುವ ಬಾಷಾ ಸಾಹೇಬರು ಲಾಟೀನು ಹಿಡಿದು ಒಳಗೆ ಬಂದರು. ವಯಸ್ಸಾದವರು, ಸುಲಭಕ್ಕೆ ಹೆದರುವವರಲ್ಲ.

"ಮೋಡ ಇಲ್ಲ, ಮಿಂಚಿಲ್ಲ. ಏನ್ ಬಾಬು ಇದು?"

ಗುಡುಗು ಮಿಂಚಿದ್ದಾಗ ಬ್ಯಾಟರಿಯ ತಂತಿ ಬಿಚ್ಚಿಡಬೇಕು ಅನ್ನುವುದು ನಮ್ಮ ನಿಯಮ. ಮಿಂಚಿಲ್ಲದಿದ್ದರೂ ಕಿಡಿ ಕಂಡು ಬಿಚ್ಚಿಟ್ಟೆ. ಇನ್ನು ಮುಳ್ಳು ಆಡಿದರೆ ಅದನ್ನು ಆಚೆಯವರೇ ಆಡಿಸಬೇಕು.

ಮುಳ್ಳು ಆಡಿತು... ಟಕ್ಕೆಂದು ಹೊಡೆಯಲಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಿಧಾನವಾಗಿ, ಮಲಗಿದವರ ಎದೆ ಏರಿಳಿದ ಹಾಗೆ. ಹೊರಗೆ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಏನನ್ನಿಸಿತೋ, ಯಂತ್ರದ ಹತ್ತಿರ ಬಗ್ಗಿ ಪಿಸುಗುಟ್ಟಿದೆ.

"ಪುಟ್ಟಾ... ಉಂಡ್ಯಾ?"

ಮುಳ್ಳು ನಡುವಿಗೆ ಬಂದು ನಿಂತಿತು. ಕೇಳಿಸಿಕೊಂಡವರ ಹಾಗೆ ನಿಂತಿತು. ಆಮೇಲೆ ಬಲಕ್ಕೆ ವಾಲಿತು... ಬಂತು. ವಾಲಿತು... ಬಂತು. ಮೂರನೇ ಸಲ ವಾಲಿತು... ಬಂತು. ಆಮೇಲೆ ಅಲುಗಲಿಲ್ಲ.

ಸಾಹೇಬರು ಮೆಲ್ಲಗೆ ಯಾರು ಅಂತ ಕೇಳಿದರು. ನನ್ನ ತಮ್ಮ, ಗಂಜಿ ಕುಡಿದವ್ನೆ ಅಂದೆ. ಅಂದು ಮಗುವಿನ ಹಾಗೆ ಅತ್ತೆ.

ಗೂಡ್ಸ್ ಗಾಡಿ ಬಂತು. ತಂತಿ ಕೆಟ್ಟಾಗ ಚೀಟಿ ಬರೆದು ಗಾಡಿ ನಿಧಾನಕ್ಕೆ ಬಿಡುವುದು ವಾಡಿಕೆ, ಬರೆದುಕೊಟ್ಟೆ. ಬರುತ್ತೀರೇನು ಅಂತ ಗಾರ್ಡು ಕೇಳಿದ. ಬೇಡ, ತಮ್ಮ ಚೇತರಿಸಿಕೊಂಡ, ಪಾಪ ಮಾಸ್ಟರನ್ನು ಯಾಕೆ ಎಬ್ಬಿಸಲಿ ಅಂದೆ. ಗಾಡಿಯ ಕೆಂಪು ದೀಪ ಕಣ್ಮರೆಯಾದ ಮೇಲೆ ಚೀಲ ಬಿಚ್ಚಿ ರೊಟ್ಟಿ ತಿಂದೆ. ನಾಲ್ಕು ದಿನದಲ್ಲಿ ಅವತ್ತೇ ನನಗೆ ಊಟ ರುಚಿಸಿದ್ದು.

ಬೆಳಗಿನ ಗಾಡಿಯಲ್ಲಿ ಕ್ಲೋಸ್‌ಪೇಟೆಯಿಂದ ಒಬ್ಬ ಕೂಲಿಯಾಳು ಬಂದ. ಅವನು ಬಾಯಿ ಬಿಡುವ ಮೊದಲೇ ತಿಳಿಯಿತು.

ನಾನು ಹೋಗಿ ತಲುಪುವಾಗ ಪುಟ್ಟನನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಅವನ ಜಾಗದಲ್ಲಿ ಕೆಲಸಕ್ಕೆ ಬಂದಿದ್ದ ಬದಲಿ ಬಾಬು ನನ್ನನ್ನು ಕಂಡು ತಲೆ ತಗ್ಗಿಸಿದ. ರಾತ್ರಿ ಹತ್ತಕ್ಕೇ ಪುಟ್ಟನ ಉಸಿರು ಕೆಟ್ಟಿತಂತೆ. ನನ್ನನ್ನು ಕರೆಸಲು ತಂತಿ ಕೊಡಲು ಹೋದರೆ ಬರೀ ಕಿಡಿ. ನಿಯಮದಂತೆ ಅವನೂ ಬ್ಯಾಟರಿ ಬಿಚ್ಚಿಟ್ಟು, ಬಂದು ಪುಟ್ಟನ ಪಕ್ಕ ಕೂತನಂತೆ. ಅಂದರೆ ನಾನು ಮುಳ್ಳು ನೋಡುತ್ತಿದ್ದ ಹೊತ್ತಿಗೆ ಎರಡು ಕಡೆಯೂ ಬ್ಯಾಟರಿ ಇರಲಿಲ್ಲ.

"ಕೋಳಿ ಕೂಗೋವರ್ಗೂ ಜ್ಞಾನ ಇತ್ತು," ಅಂದ. "ಗೂಡ್ಸ್ ಬಂತಾ, ಅಣ್ಣ ಇಳಿದ್ನಾ ಅಂತ ಕೇಳ್ತಿದ್ದ. ನೀವು ಇಳೀಲಿಲ್ಲ ಅಂದ್ಮೇಲೆ ಕೇಳ್ಲಿಲ್ಲ."

ಗಂಜಿ ಕುಡಿದನೇ ಅಂತ ಕೇಳಿದೆ. ಒಂದು ಗುಟುಕೂ ಇಳಿಯಲಿಲ್ಲವಂತೆ. ಆಮೇಲೆ ಅವನು ಇನ್ನೊಂದು ಮಾತು ಹೇಳಿದ.

"ಗೂಡ್ಸ್ ಬರೋಕೆ ಮುಂಚೆ, ಜ್ವರದ ಗುಂಗಲ್ಲಿ ಮಂಚದ ಪಟ್ಟೀನ ಬೆರಳಲ್ಲಿ ಒತ್ತುತಿದ್ದ. ಮೆಲ್ಲಗೆ. ಮೂರು ಸಲ... ಆಮೇಲೆ ಸುಮ್ಮನಾದ."

ಎಷ್ಟೋ ವರ್ಷದ ಮೇಲೆ ಬೆಂಗಳೂರಿನಿಂದ ತಂತಿ ತಪಾಸಣೆಗೆ ಬಂದ ಇಂಜಿನಿಯರೊಬ್ಬರಿಗೆ ಇದೆಲ್ಲ ಹೇಳಿದೆ. ಆ ರಾತ್ರಿ ದೂರದ ದೇಶಗಳಲ್ಲೂ ತಂತಿಗಳು ಕೆಟ್ಟಿದ್ದವಂತೆ. ಸೂರ್ಯನ ಕಡೆಯಿಂದ ಏನೋ ಬಂದು ಬಡಿದಾಗ ಉತ್ತರದ ಹಿಮದ ಸೀಮೆಯಲ್ಲಿ ಆಕಾಶದ ತುಂಬ ಹಸಿರು, ಕೆಂಪು ಬೆಳಕು ಏಳುತ್ತದೆ. ಅದು ನಮಗಿಲ್ಲಿ ಕಾಣುವುದಿಲ್ಲ. ಆದರೆ ಭೂಮಿಯೇ ಒಂದು ಅಯಸ್ಕಾಂತವಲ್ಲವೇ, ಆಗ ಅದು ನಾಡಿಯ ಹಾಗೆ ಮಿಡಿಯುತ್ತದೆ. ಒಮ್ಮೊಮ್ಮೆ ಅಲ್ಲಿ ಬೆಳಕು ಹತ್ತಿ ಆರುವ ಲಯವೂ ಈ ಮಿಡಿತದ ಲಯವೂ ಒಂದೇ ಆಗಿರುತ್ತದೆ. ಆ ಮಿಡಿತಕ್ಕೆ ಉದ್ದನೆಯ ತಂತಿಯಲ್ಲಿ ಬ್ಯಾಟರಿ ಇಲ್ಲದೆಯೂ ವಿದ್ಯುತ್ತು ಹರಿದು ಮುಳ್ಳು ಆಡುತ್ತದೆ ಅಂದರು.

ಸರಿ ಸ್ವಾಮಿ, ಆದರೆ ನಾನು ಕೇಳಿದಾಗ ಅದು ಯಾಕೆ ನಿಂತಿತು, ಮೂರಕ್ಕೇ ಯಾಕೆ ಮುಗಿಸಿತು ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಅವರ ಮಾತು ನಿಜವಾದರೆ, ಆ ರಾತ್ರಿ ಪುಟ್ಟ ನನಗೆ ಏನೂ ಹೇಳಲಿಲ್ಲ. ಎಲ್ಲೋ ಕಾಣದ ಬೆಳಕನ್ನು ನಂಬಿ ನಾನು ಗಾಡಿ ಬಿಟ್ಟೆ. ನಿಜವಲ್ಲದಿದ್ದರೆ, ಅವನೇ ಹೇಳಿದ. ಚಿಕ್ಕಂದಿನಲ್ಲಿ ಹೇಳುತ್ತಿದ್ದ ಹಾಗೆಯೇ, ಉಣ್ಣದೇನೇ ಉಂಡೆ ಅಂತ. ಅವ್ವ ಹೇಳಿಯೇ ಇದ್ದಳು... ನಾನು ಮರೆತೆ.

ಈಗಲೂ ರಾತ್ರಿ ಎಲೆ ಮುಂದೆ ಕೂತಾಗ ಪುಟ್ಟಾ, ಉಂಡ್ಯಾ ಅಂತ ಕೇಳುತ್ತೇನೆ. ಕೇಳಿ ತಕ್ಷಣ ಕಣ್ಣು ಮುಚ್ಚಿಕೊಳ್ಳುತ್ತೇನೆ. ಎದುರಿಗೆ ದೀಪದ ಕುಡಿಯೋ ಮತ್ತೊಂದೋ ಮೂರು ಸಲ ಅಲುಗಿದರೆ, ಮತ್ತೆ ನಂಬಿಬಿಡುತ್ತೇನೆ ಅಂತ ಭಯ.